ಬುಧವಾರ ಬೆಳಗಿನ ಮೀನು

ಬಾದುವಾ ಎಶುನ್ ತೀರಿಕೊಂಡ ಸುದ್ದಿಯನ್ನು ಯಾರಾದರೂ ಅವಳಿಗೇ ಹೋಗಿ ಹೇಳುವ ಹಾಗಿದ್ದಿದ್ದರೆ ಅವಳು ಮೊದಲು ಕೇಳುತ್ತಿದ್ದದ್ದು, “ಕಣ್ಣಾರೆ ಕಂಡವರು ಯಾರು?” ಎಂದು. ಕಡಲ ದಂಡೆಯ ನಮ್ಮ ಊರು ಸಾಲ್ಟ್‌ಪಾಂಡಿನಲ್ಲಿ ಯಾರ ಸಾವಿನ ಸುದ್ದಿ ಬಂದರೂ ಅವಳ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು ಅದೇ. ಪಾದ್ರಿಗಳು ಚರ್ಚಿನಲ್ಲಿ ನಿಂತು ಹೇಳಿದರೂ ಸರಿ, ಆಕೆಗೆ ಸಾಕ್ಷಿ ಬೇಕು. ಈ ಸಲ ಕಂಡವರು ನಾವು, ಅವಳ ನೆರೆಹೊರೆಯವರು. ನಮ್ಮ ಮಾತನ್ನಾದರೂ ನಂಬುತ್ತಿದ್ದಳೋ ಇಲ್ಲವೋ.

ಪ್ರಾಥಮಿಕ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದವಳು. ಒಂದೇ ಮನೆಯಿಂದ ಬರುವ ಹುಡುಗರ ಹೋಂವರ್ಕ್ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಯಾರದು ಯಾರ ನಕಲು ಎಂದು ಹಿಡಿಯುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಅಂಗಡಿಯಲ್ಲಿ ಬ್ರೆಡ್ಡನ್ನು ಮುರಿದು ಮೂಸಿ ನೋಡಿಯೇ ಕೊಳ್ಳುವುದು. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ ಬೇಯಿಸಿದ ಕೆಂಕೆ ಉಂಡೆಗೆ ಸುತ್ತಿದ ಎಲೆ ಬಿಚ್ಚಿಸಿ, ಹುಳಿ ಸರಿಯಾಗಿ ಬಂದಿದೆಯೇ ಎಂದು ಬೆರಳಿಟ್ಟು ನೋಡುವುದು. ‘ಬಾದುವಾ’ ಎಂದರೆ ಹತ್ತನೆಯ ಮಗಳು. ಅವಳಿಗೆ ಅದರ ಮೇಲೂ ಗುಮಾನಿ. “ನಮ್ಮಮ್ಮ ಸರಿಯಾಗಿ ಎಣಿಸಿದ್ದಳು ಅಂತ ಏನು ಗ್ಯಾರಂಟಿ?” ಎನ್ನುತ್ತಿದ್ದಳು.

ಆದರೆ ಒಂದು ವಿಷಯವನ್ನು ಮಾತ್ರ ಅವಳು ಅರವತ್ತರ ಹತ್ತಿರ ಬರುವವರೆಗೂ ಕೆದಕಲು ಹೋಗಿರಲಿಲ್ಲ. ಅದು ಅವಳ ತಾಯಿ ಅರಾಬಾ ಎದುವಾ ಈ ಊರಿನ ಕಡಲ ದಂಡೆ ಬಿಟ್ಟದ್ದು ಯಾಕೆ ಎನ್ನುವುದು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಮುಂಚಿನ ಮಾತು. ಬಾದುವಾ ಆಗಷ್ಟೇ ಸೊಂಟದ ಮೇಲಿಂದ ಇಳಿದು ಓಡಾಡಲು ಕಲಿತಿದ್ದ ಮಗು. ಅರಾಬಾ ಒಂದು ದಿನ ಮೀನು ಹೊಗೆಗಿಡುವ ತನ್ನ ಒಲೆಗಳನ್ನು ತಾನೇ ಒಡೆದುಹಾಕಿ, ಮಕ್ಕಳನ್ನು ಕಟ್ಟಿಕೊಂಡು ಮೂರೆ ಎಂಬ ಊರಿಗೆ ಹೋಗಿಬಿಟ್ಟಳು. ಕೇಳಿದರೆ, “ಹೊಗೆಗೆ ಕಣ್ಣುರಿ” ಎಂದಳು. ಮೂರೆಯಲ್ಲಿ ಹೊಸ ಒಲೆ ಹಾಕಿ, ಅದೇ ಹೊಗೆಯಲ್ಲಿ ಸಾಯುವವರೆಗೂ ಕೂತಳು.

ಕೆಲಸ ಸಿಕ್ಕಿದ ಮೇಲೆ ಬಾದುವಾ ಸಾಲ್ಟ್‌ಪಾಂಡಿಗೆ ಮರಳಿ ಬಂದಳು. ಅಕ್ಕನ ಮಗಳು ಕೂಕುವಾ ಅವಳ ಬಳಿಯೇ ಬೆಳೆದು, ಅಜ್ಜಿಯ ಕಸುಬು ಹಿಡಿದು, ದಂಡೆಯ ಮೇಲೆ ಒಳ್ಳೆಯ ಹೆಸರು ಮಾಡಿದಳು. ಮೀನು ಪೇಟೆಯ ‘ರಾಣಿ’ ಎನ್ನಿಸಿಕೊಂಡಿದ್ದ ಹಳೆಯ ನಾಯಕಿ ತೀರಿಕೊಂಡಾಗ, ಮಾರುವ ಹೆಂಗಸರೆಲ್ಲ ಸೇರಿ ಕೂಕುವಾಳನ್ನೇ ಆ ಪೀಠದ ಮೇಲೆ ಕೂರಿಸಬೇಕು ಎಂದುಕೊಂಡಿದ್ದರು. ದೋಣಿಯವರ ಜೊತೆ ದರ ಮಾತಾಡುವವಳು, ಜಗಳ ಬಿಡಿಸುವವಳು ಅವಳೇ ಆಗಬೇಕಿತ್ತು.

ಅಷ್ಟರಲ್ಲಿ ಆ ಪುಸ್ತಕ ಬಂತು.

ಕೋರ್ಟಿನಲ್ಲಿ ದುಭಾಷಿಯಾಗಿದ್ದು ನಿವೃತ್ತರಾದ ಎಕೋ ಆರ್ಕೋಫುಲ್ ತಮ್ಮ ನೆನಪುಗಳನ್ನು ‘ಕಟಕಟೆಯ ಪಕ್ಕದಲ್ಲಿ’ ಎಂಬ ಹೆಸರಿನಲ್ಲಿ ಅಚ್ಚುಹಾಕಿಸಿದ್ದರು. ಚರ್ಚಿನ ಸಭಾಂಗಣದಲ್ಲಿ ಬಿಡುಗಡೆಯಾಯಿತು, ಬ್ಯಾಂಡು ಬಾರಿಸಿದರು, ಊರೆಲ್ಲ ಕೊಂಡಿತು. ಅದರ ಮಧ್ಯದಲ್ಲೆಲ್ಲೋ ಹೀಗೊಂದು ಮಾತು ಇತ್ತು: ‘ನಮ್ಮ ಯುವಕ ಸಂಘದ ಪತ್ರಿಕೆ “ಲಂಗರು” ಒಮ್ಮೆ “ಬುಧವಾರ ಬೆಳಗಿನ ಮೀನು” ಎಂಬ ಸಣ್ಣಕಥೆಯನ್ನು ಪ್ರಕಟಿಸಿತು. ನಿಜವಾಗಿ ನಡೆದದ್ದನ್ನೇ ಆಧರಿಸಿದ ಕಥೆ. ಅದು ಬಂದಮೇಲೆ ಒಬ್ಬ ಮೀನುಗಾರ್ತಿ ನಾಚಿ ಊರನ್ನೇ ಬಿಟ್ಟಳು. ಲೇಖನಿಯ ಬಲ ಅಂಥದ್ದು.’

ಈ ದಂಡೆಯ ಕಟ್ಟಳೆಯಂತೆ ಮಂಗಳವಾರ ಕಡಲಿನದು. ಅಂದು ದೋಣಿ ಇಳಿಸುವಂತಿಲ್ಲ, ಇಳಿಸಿದರೆ ಮೀನುಗಾರರ ಮುಖಂಡನಾದ ಕಡಲ ಯಜಮಾನ ಡಂಗುರ ಹೊಡೆಸಿ ದಂಡ ಹಾಕುತ್ತಾನೆ. ಬಲೆ ಹೆಣೆಯುತ್ತ ದಂಡೆಯಲ್ಲೇ ಕೂತಿರಬೇಕು. ಬುಧವಾರ ನಸುಕಿಗೆ ಹೊರಟ ದೋಣಿಗಳು ತಿರುಗಿ ಬರುವುದು ಮಧ್ಯಾಹ್ನಕ್ಕೆ. ಹಾಗಿರುವಾಗ ಬುಧವಾರ ಬೆಳಿಗ್ಗೆ ಯಾರದಾದರೂ ಬುಟ್ಟಿಯಲ್ಲಿ ಕಿವಿರು ಕೆಂಪಗಿರುವ ತಾಜಾ ಬೂತಾಯಿ ಕಂಡರೆ ಅದು ಎಲ್ಲಿಂದ ಬಂತೆಂದು ಮಗುವಿಗೂ ಗೊತ್ತು. ಪುಸ್ತಕದಲ್ಲಿ ಹೆಸರಿರಲಿಲ್ಲ. ಆದರೆ ಆ ವರ್ಷಗಳಲ್ಲಿ ದಂಡೆ ಬಿಟ್ಟುಹೋದ ಹೆಂಗಸು ಒಬ್ಬಳೇ. ಕೂಕುವಾ ನೀರು ಸೇದಲು ಹೋದಲ್ಲಿ ಮಾತು ನಿಲ್ಲತೊಡಗಿತು. ಪೀಠದ ವಿಷಯವನ್ನು ಯಾರೂ ಎತ್ತದಾದರು.

ಬಾದುವಾ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಆರ್ಕೋಫುಲ್ಲರ ಮನೆಗೆ ಹೋದಳು. ಮುದುಕರು ಜಗಲಿಯಲ್ಲಿ ರೇಡಿಯೋ ಕೇಳುತ್ತ ಕೂತಿದ್ದರು.

“ಬಾ ಟೀಚರ್, ಬಾ. ಪುಸ್ತಕ ಓದಿದೆಯಾ?”

“ಅರ್ಧ ಓದಿದೆ ಎಗ್ಯಾ,” ಎಂದಳು ಬಾದುವಾ, ಹಿರಿಯರನ್ನು ‘ಅಪ್ಪಾ’ ಎಂದು ಕರೆಯುವ ರೀತಿಯಲ್ಲಿ. “ಒಂದು ಕಡೆ ಮುಳ್ಳು ಸಿಕ್ಕಿಹಾಕ್ಕೊಂಡಿದೆ. ಆ ಮೀನಿನ ಕಥೆ ನೀವು ಓದಿದ್ದೀರಾ?”

“ಊರೆಲ್ಲ ಓದಿತ್ತಲ್ಲಮ್ಮ.”

“ಊರಿನ ಮಾತು ಬಿಡಿ. ನೀವು?”

ಅವರು ರೇಡಿಯೋದ ದನಿ ಸಣ್ಣ ಮಾಡಿದರು. “ಆಗ ನಾನು ಸೆಕೊಂಡಿ ಪಟ್ಟಣದಲ್ಲಿದ್ದೆ. ಕೇಳಿದ್ದೆ ಅಷ್ಟೆ.”

“ಹಿಂದಿನ ಅಧ್ಯಾಯದಲ್ಲಿ ನೀವೇ ಬರೆದಿದ್ದೀರಿ, ಆ ವರ್ಷ ಇಲ್ಲೇ ಇದ್ದು ಕಡಲ ಯಜಮಾನರ ಕಾಗದಪತ್ರ ಬರೆದುಕೊಡ್ತಿದ್ದೆ ಅಂತ.”

“ಅದು ಅಚ್ಚಿನ ತಪ್ಪು.”

“ಇಡೀ ಅಧ್ಯಾಯವೇ?”

“ನಿನ್ನ ಅಪ್ಪನೂ ಹೀಗೇ. ಮಾತಿಗೆ ಮುಂಚೆ ಮೂಗು ತೂರಿಸೋನು,” ಎಂದು ಮುದುಕರು ಸಿಡುಕಿದರು. “ಬರೆದವನು ಯಾರೋ ಸುಳ್ಳು ಹೆಸರು ಇಟ್ಕೊಂಡಿದ್ದ. ಪತ್ರಿಕೆ ಈಗ ಎಲ್ಲೂ ಸಿಗೋದಿಲ್ಲ. ನಾನೇ ಹುಡುಕಿ ಸುಸ್ತಾಗಿದೀನಿ.”

“ಓದದೇ ಇರೋ ಕಥೆ ಹುಡುಕಿ ಸುಸ್ತಾಗೋದು ಯಾಕೆ?”

ಮನೆಗೆ ಮರಳುವ ದಾರಿಯುದ್ದಕ್ಕೂ ಅವಳು ಗೊಣಗುತ್ತಿದ್ದಳು. ಬರೆದವನು ಇವನೇ, ಅಲ್ಲದಿದ್ದರೆ ಆ ಕಣ್ಣು ಯಾಕೆ ಹಾಗೆ ಜಾರಬೇಕು? ಅವಳ ಈ ಗುಮಾನಿ ಕೊನೆಯವರೆಗೂ ಹೋಗಲಿಲ್ಲ, ರುಜುವಾತೂ ಆಗಲಿಲ್ಲ. ಆದರೆ ಅಂದು ಅವಳನ್ನು ಹೊರಡಿಸಿದ್ದು ಬೇರೆ ಮಾತು. ಕಥೆ ಎಲ್ಲೂ ಸಿಗುವುದಿಲ್ಲ ಎಂದು ಒಬ್ಬರು ಅಷ್ಟು ಖಚಿತವಾಗಿ ಹೇಳಿದರೆ ಅವಳ ಲೆಕ್ಕದಲ್ಲಿ ಅದು ಎಲ್ಲೋ ಇದೆ ಎಂದೇ ಅರ್ಥ.

ಯುವಕ ಸಂಘದವರ ಮಕ್ಕಳು, ಮೊಮ್ಮಕ್ಕಳು, ಮುಚ್ಚಿಹೋದ ಅಚ್ಚುಕೂಟದವರ ಬಂಧುಗಳು, ಎಲ್ಲರ ಬಾಗಿಲೂ ತಟ್ಟಿದ್ದಾಯಿತು. ಎಲ್ಲ ಕಡೆ ಒಂದೇ ಉತ್ತರ: ಹಳೆಯ ಕಾಗದವೆಲ್ಲ ಕಡಲೆಕಾಯಿ ಹುರಿಯುವವಳಿಗೆ ಹೋಯಿತು. ಒಬ್ಬಳಂತೂ ನಕ್ಕುಬಿಟ್ಟಳು. “ಟೀಚರ್, ನಮ್ಮ ತಾತನ ಸಾಹಿತ್ಯ ಇಡೀ ಊರಿಗೆ ತಿನ್ನಿಸಿದ್ದೀವಿ.”

ಉಳಿದದ್ದು ಕೇಪ್ ಕೋಸ್ಟಿನಲ್ಲಿದ್ದ ಸರ್ಕಾರದ ಹಳೆ ದಾಖಲೆಗಳ ಕಚೇರಿ. ಅಲ್ಲಿನ ಗುಮಾಸ್ತೆ ಮಿಸೆಸ್ ಅಮಿಸಾ ಕಿತ್ತಳೆ ಹೀರುತ್ತ ಕೂತಿದ್ದ ದಪ್ಪ ಹೆಂಗಸು.

“ಪತ್ರ ತಂದಿದ್ದೀರಾ?”

“ಯಾವ ಪತ್ರ?”

“ನೀವು ಯಾರು ಅಂತ ಹೇಳೋ ಪತ್ರ.”

“ನಾನು ಯಾರು ಅಂತ ನಾನೇ ಹೇಳ್ತಿದ್ದೀನಲ್ಲ, ತಾಯಿ.”

“ಎಲ್ಲರೂ ಹಾಗೇ ಹೇಳ್ತಾರೆ. ಆಮೇಲೆ ಹಾಳೆ ಹರ್ಕೊಂಡು ಹೋಗ್ತಾರೆ.”

ಬಾದುವಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ಜಾತಿಯವಳು ಒಬ್ಬಳು ಸಿಕ್ಕಿದಳು ಎಂದು ಅವಳಿಗೆ ಒಳಗೊಳಗೇ ಖುಷಿಯಾಗಿತ್ತೆಂದು ಆಮೇಲೆ ಹೇಳಿಕೊಂಡಳು. ಮುಂದಿನ ವಾರ ಶಾಲೆಯಿಂದ ಮೊಹರು ಹಾಕಿದ ಪತ್ರ ತಂದಳು. ಮಿಸೆಸ್ ಅಮಿಸಾ ಆ ಮೊಹರನ್ನು ಉಗುರಿನಿಂದ ಕೆರೆದು ನೋಡಿ ಒಳಗೆ ಬಿಟ್ಟಳು.

ಪತ್ರಿಕೆಗಳ ಕಪಾಟಿನಲ್ಲಿ ‘ಲಂಗರು’ ಇರಲಿಲ್ಲ. ಪುಸ್ತಕಗಳ ಪಟ್ಟಿಯಲ್ಲೂ ಇಲ್ಲ. ಹಲವು ಸಲ ಹೋಗಿ ಬರಿಗೈಲಿ ಬಂದ ಮೇಲೆ ಮಿಸೆಸ್ ಅಮಿಸಾಳೇ ಒಂದು ದಿನ ಕೇಳಿದಳು: “ಯುವಕ ಸಂಘ ಅಂದ್ರಲ್ಲ, ಸ್ವಾತಂತ್ರ್ಯದ ಗಲಾಟೆಯ ಕಾಲದ್ದಾ? ಹಾಗಾದ್ರೆ ಪತ್ರಿಕೆ ಕಡೆ ಯಾಕೆ ನೋಡ್ತೀರಿ? ಪೊಲೀಸರ ಕಡೆ ನೋಡಿ.”

ಅಲ್ಲೇ ಇತ್ತು. ಬಿಳಿಯರ ಸರ್ಕಾರಕ್ಕೆ ಆ ದಿನಗಳಲ್ಲಿ ಹತ್ತು ಯುವಕರು ಒಂದೆಡೆ ಕೂತರೆ ದಿಗಿಲು. ಅವರು ಅಚ್ಚುಹಾಕಿದ ಪ್ರತಿಯೊಂದು ಹಾಳೆಯನ್ನೂ ಪೊಲೀಸರು ತರಿಸಿ ಓದಿ ಕಟ್ಟಿಡುತ್ತಿದ್ದರು. ಊರು ತಿಂದುಹಾಕಿದ್ದನ್ನು ಅವರ ಗುಮಾನಿ ಕಾಪಾಡಿತ್ತು. ಕಥೆಯ ಪಕ್ಕದಲ್ಲಿ ಯಾವನೋ ಅಧಿಕಾರಿ ನೀಲಿ ಪೆನ್ಸಿಲಿನಲ್ಲಿ ಬರೆದಿದ್ದ: ‘ಬರಿ ಮೀನಿನ ವಿಷಯ. ಅಪಾಯವೇನಿಲ್ಲ.’

ಬಾದುವಾ ಅದನ್ನು ನಿಂತೇ ಓದಿದಳು.

ಕಥೆಯಲ್ಲಿ ಒಂದು ದೋಣಿ ಮಂಗಳವಾರ ಕತ್ತಲಾದ ಮೇಲೆ ಕಡಲಿಗಿಳಿಯುತ್ತದೆ. ಬುಧವಾರ ಬೆಳಕು ಹರಿಯುವ ಮುಂಚೆ ಬುಟ್ಟಿ ಬುಟ್ಟಿ ಬೂತಾಯಿ ತರುತ್ತದೆ. ದೋಣಿಯ ಒಡೆಯ ತನ್ನ ತಂಗಿಯನ್ನು ಎಬ್ಬಿಸಿ, “ಬೇಗ ಹೊಗೆಗಿಡು, ಯಾರಿಗೂ ತಿಳಿಯಬಾರದು” ಎನ್ನುತ್ತಾನೆ. ತಂಗಿಯ ಹೆಸರು ಅರಾಬಾ. ಅವಳು ಒಂದು ಮೀನನ್ನೆತ್ತಿ ಕಿವಿರು ಬಿಡಿಸಿ ನೋಡುತ್ತಾಳೆ. ಮತ್ತೆ ಬುಟ್ಟಿಯೊಳಗೇ ಇಡುತ್ತಾಳೆ. ಒಂದನ್ನೂ ಕೊಳ್ಳುವುದಿಲ್ಲ. ನೇರ ಕಡಲ ಯಜಮಾನನ ಮನೆಗೆ ಹೋಗಿ ಹೇಳಿಬಿಡುತ್ತಾಳೆ. ಯಜಮಾನ ದೋಣಿಯವನ ಜೀವದ ಗೆಳೆಯ. ದಂಡವಾಗಿ ಒಂದು ಕುರಿ ತೆಗೆದುಕೊಂಡು, ಡಂಗುರ ಹೊಡೆಸದೆ, ಮನೆಯ ಹಿತ್ತಿಲಲ್ಲೇ ವಿಷಯ ಮುಗಿಸುತ್ತಾನೆ. ಕೊನೆಯಲ್ಲಿ ಅಣ್ಣ ತಂಗಿಗೆ, “ನಮ್ಮ ಮನೆ ಬಾಗಿಲನ್ನ ನೀನೇ ಹಾಕಿಬಿಟ್ಟೆ” ಎನ್ನುತ್ತಾನೆ. ಅಲ್ಲಿಗೆ ಕಥೆ ಮುಗಿದಿತ್ತು.

ದೋಣಿಯ ಮೂತಿಯ ಮೇಲೆ ಬೀಗದ ಕೈ ಹಿಡಿದ ಒಂದು ಅಂಗೈಯ ಚಿತ್ರವಿತ್ತು ಎಂದು ಕಥೆಗಾರ ಬರೆದಿದ್ದ. ಅದನ್ನು ಓದುವಾಗ ಬಾದುವಾ ಮೇಜು ಹಿಡಿದುಕೊಂಡಳು. ಮೂರೆಯಿಂದ ರಜೆಗೆ ಬಂದಾಗಲೆಲ್ಲ ಆ ದೋಣಿಯಲ್ಲಿ ಅವಳು ಕೂತು ಆಡಿದ್ದಳು. ಅದು ಅವಳ ಸೋದರಮಾವ ಕ್ವೆಕು ಎಜಿರ್‌ನ ದೋಣಿ. ತಂಗಿ ಮೂರೆಗೆ ಹೋದ ಮೇಲೂ ಅವಳೊಡನೆ ಮಾತಾಡದೆ, ಆದರೆ ಸೋದರಸೊಸೆಯನ್ನು ಶಾಲೆಗೆ ಕಳಿಸಿ, ಸಮವಸ್ತ್ರ ಹೊಲಿಸಿ, ಅವಳನ್ನು ಟೀಚರ್ ಮಾಡಿದ ಮಾವ.

“ಏನಾಯ್ತು? ನೀರು ಬೇಕಾ?” ಎಂದಳು ಮಿಸೆಸ್ ಅಮಿಸಾ.

“ಕಥೆ ಅನ್ನೋದನ್ನ ನಂಬಬಹುದಾ, ತಾಯಿ?”

“ನಾನು ಇಲ್ಲಿ ಸರ್ಕಾರದ ಕಾಗದಾನೇ ನಂಬಲ್ಲ.”

ಅದೂ ಸರಿಯೇ. ಬರೆದವನು ಸತ್ಯ ಬರೆದನೆಂದು ಏನು ಖಾತರಿ? ಕೈಬರಹದಲ್ಲಿ ಇಡೀ ಕಥೆಯನ್ನು ನಕಲು ಮಾಡಿಕೊಂಡು, ಆ ನಕಲಿನ ಮೇಲೂ ಮಿಸೆಸ್ ಅಮಿಸಾಳ ಸಹಿ ಹಾಕಿಸಿಕೊಂಡು, ಬಾದುವಾ ಊರಿಗೆ ಬಂದಳು. ಬಂದವಳು ಮನೆಗೆ ಹೋಗದೆ ಎಸಿ ಟಾವಿಯಾಳ ಗುಡಿಸಲಿಗೆ ಹೋದಳು. ಅರಾಬಾಳ ಒಲೆಯ ಪಕ್ಕದಲ್ಲೇ ಒಲೆ ಹಾಕಿಕೊಂಡಿದ್ದ ಹೆಂಗಸರಲ್ಲಿ ಬದುಕುಳಿದವಳು ಅವಳೊಬ್ಬಳೇ. ಹಲ್ಲಿಲ್ಲ, ಕಣ್ಣು ಮಂಜು, ನಾಲಿಗೆ ಮಾತ್ರ ಚೂಪು. ಊರಿಗೆಲ್ಲ ಅವಳು ‘ನಾನಾ’, ಅಂದರೆ ಅಜ್ಜಿ.

“ನಾನಾ, ನಮ್ಮಮ್ಮ ಮಂಗಳವಾರದ ಮೀನು ಮಾರಿದಳಾ?”

“ಇಷ್ಟು ವರ್ಷ ಇದೇ ಊರಲ್ಲಿದ್ದು ಈಗ ಕೇಳ್ತೀಯಾ? ಎಂಥ ಅನುಮಾನದ ಹೆಂಗಸೇ ನೀನು! ಬ್ರೆಡ್ಡು ಮುರಿದು ನೋಡ್ತೀಯ, ಅಮ್ಮನ್ನ ನೋಡಲಿಲ್ಲ.”

ಬಾದುವಾ ಅವಳೆದುರು ನೆಲದ ಮೇಲೆ ಕೂತಳು.

“ಮಾರಿದ್ದು ನಾನಂತೂ ನೋಡಲಿಲ್ಲ,” ಎಂದಳು ಮುದುಕಿ. “ಯಾರೂ ನೋಡಲಿಲ್ಲ. ಆ ಬುಧವಾರ ದಂಡೆ ಮೇಲೆ ಒಂದು ಮೀನು ಬಿದ್ದಿತ್ತು, ಕೆಂಪು ಕಿವಿರು, ಅದನ್ನ ನೋಡಿದ್ವಿ. ಯಾರದೋ ದೋಣಿ ಹೋಗಿತ್ತು ಅಂತ ಗೊತ್ತಾಯ್ತು. ಆಮೇಲೆ ಆ ಶಾಲೆ ಕಲಿತ ಹುಡುಗರು ಕಾಗದ ಹಿಡ್ಕೊಂಡು ಬಂದು, ಮೀನಿನ ಕಥೆ ಬಂದಿದೆ, ಅದರಲ್ಲಿ ಅರಾಬಾ ಇದ್ದಾಳೆ ಅಂದ್ರು. ಇಂಗ್ಲಿಷು ನಮಗೆಲ್ಲಿ ಬರಬೇಕು?”

ಅಷ್ಟೇ ಸಾಕಾಗಿತ್ತು. ಮಂಗಳವಾರ ಹುಟ್ಟಿದ ಹೆಣ್ಣುಮಗಳಿಗೆ ಅರಾಬಾ ಎಂದೇ ಹೆಸರು. ಮಂಗಳವಾರದ ಹೆಣ್ಣು, ಮಂಗಳವಾರದ ಮೀನು. ಬೇರೆ ಯಾವ ಊರಿನವರಿಗೂ ಹಾಗೆ ಅನ್ನಿಸುತ್ತಿರಲಿಲ್ಲ. ಈ ದಂಡೆಯವರ ಬಾಯಲ್ಲಿ ಎರಡೂ ತಾವಾಗಿಯೇ ಒಂದಾದವು. ಮೀನು ತೊಳೆಯುವಾಗ ಹಾಡಲು ಹೆಂಗಸರಿಗೊಂದು ಹಾಡೂ ಆಯಿತು.

“ಕುರಿ ವಿಷಯ ಏನಾದ್ರೂ ಗೊತ್ತಾ, ನಾನಾ?”

ಮುದುಕಿಯ ಮುಖ ಬದಲಾಯಿತು. “ಕುರಿನಾ? ಯಜಮಾನನ ಹಿತ್ತಿಲಲ್ಲಿ ಕೊಯ್ದರು. ಹಬ್ಬ ಇಲ್ಲ, ಸಾವಿಲ್ಲ, ಯಾಕೆ ಅಂತ ಕೇಳಿದ್ರೆ, ತಿನ್ನು ಅಂದ್ರು. ನಾನೂ ಒಂದು ತುಂಡು ತಿಂದೆ.” ಆಮೇಲೆ ಕೇಳಿದಳು: “ಯಾರ ಕುರಿ ಅದು?”

ಬಾದುವಾ ಹೇಳಲಿಲ್ಲ. ಹೇಳಿದರೆ ಆಗುವುದೇನೆಂದು ಅವಳಿಗೆ ದಾರಿಯಲ್ಲೇ ಹೊಳೆದಿತ್ತು. ಇಲ್ಲಿ ಮನೆತನ ಹರಿಯುವುದು ತಾಯಿಯಿಂದ. ಅರಾಬಾ, ಅವಳ ಅಣ್ಣ ಎಜಿರ್, ಬಾದುವಾ, ಕೂಕುವಾ, ಎಲ್ಲರೂ ಒಂದೇ ಮನೆ, ಒಂದೇ ರಕ್ತ. ಅಮ್ಮನ ಮೇಲಿನ ಮಸಿ ಒರೆಸಿದರೆ ಅದು ಮಾವನಿಗೆ ಹತ್ತುತ್ತದೆ. ಯಾರಿಗೆ ಹತ್ತಿದರೂ ಕೂಕುವಾಳ ಬಟ್ಟೆಗೆ ಕಲೆ. ಅಮ್ಮ ಬಾಯಿ ಮುಚ್ಚಿಕೊಂಡು ಒಲೆ ಒಡೆದದ್ದೂ ಇದಕ್ಕೇ. ಒಂದು ಸಲ ಅಣ್ಣನ ಮೇಲೆ ಹೇಳಿದ್ದಳು, ಎರಡನೇ ಸಲ ಹೇಳಲಾರದೆ ಹೋದಳು.

ಕೂಕುವಾ ಒಲೆಯ ಮೇಲಿನ ಜಾಲರಿಗಳನ್ನು ಅದಲುಬದಲು ಮಾಡುತ್ತಿದ್ದಾಗ ಬಾದುವಾ ಎಲ್ಲವನ್ನೂ ಅವಳ ಮುಂದಿಟ್ಟಳು.

“ಹೀಗೆ ಮಾಡೋಣ,” ಎಂದಳು. “ಅಮ್ಮ ಮೀನು ಮುಟ್ಟಲಿಲ್ಲ ಅನ್ನೋದನ್ನ ಹೇಳೋಣ. ದೋಣಿ ಯಾರದು ಅಂತ ಬೇಡ.”

“ಚಿಕ್ಕಮ್ಮ, ಅರ್ಧ ಹೇಳಿದ್ರೆ ಉಳಿದರ್ಧ ಅವರೇ ಕಟ್ಕೋತಾರೆ. ಇಷ್ಟು ವರ್ಷ ಆಗಿದ್ದು ಅದೇ ಅಲ್ವಾ?”

“ಪೀಠ ಹೋಗುತ್ತೆ ಕಣೇ.”

“ಹೋದ್ರೆ ಹೋಗ್ಲಿ. ಅಜ್ಜಿ ಒಲೆ ಒಡೆದಳು, ನಾನು ಪೀಠ ಬಿಡೋಕಾಗಲ್ವಾ?” ಕೂಕುವಾ ಹೊಗೆಯಿಂದ ಮುಖ ತಿರುಗಿಸಿದಳು. “ನಿಮಗೆ ಮಾವನ ಚಿಂತೆ. ನಿಮ್ಮನ್ನ ಓದಿಸಿದರು ಅಂತ.”

ಅದು ನಿಜವಾಗಿತ್ತು. ಅಂಥ ರಾತ್ರಿಗಳ ಮೀನಿನ ದುಡ್ಡಿನಿಂದಲೇ ತನ್ನ ಮೊದಲ ಸಮವಸ್ತ್ರ ಬಂದಿತ್ತೋ ಏನೋ ಎಂದು ಬಾದುವಾ ಅಷ್ಟರಲ್ಲೇ ಅನುಮಾನಿಸಿದ್ದಳು. ಕೇಳಲು ಮಾವ ಈಗ ಬದುಕಿರಲಿಲ್ಲ.

ದೋಣಿಗಳೆಲ್ಲ ಮರಳ ಮೇಲಿದ್ದ ಒಂದು ಮಂಗಳವಾರ ಹೆಂಗಸರು ಸೇರಿದರು. ಎಸಿ ಟಾವಿಯಾಳನ್ನೂ ಕೈಹಿಡಿದು ಕರೆತಂದು ಕೂರಿಸಿದ್ದರು. ಬಾದುವಾ ಕನ್ನಡಕ ಹಾಕಿಕೊಂಡು ನಿಂತಳು.

“ಟೀಚರ್, ಇಂಗ್ಲಿಷ್ ಬೇಡ. ನಾವು ಬೈಯೋ ಭಾಷೆಲಿ ಓದಿ,” ಎಂದಳು ಯಾಬಾ ಕ್ವಾಂಸಿಮಾ. ಕೂಕುವಾ ಬಿಟ್ಟರೆ ಪೀಠಕ್ಕೆ ಹೆಸರು ಕೇಳಿಬರುತ್ತಿದ್ದದ್ದು ಅವಳದೇ. ದಂಡೆಯ ಈ ತುದಿಯಲ್ಲಿ ನಕ್ಕರೆ ಆ ತುದಿಗೆ ಕೇಳುವ ಗಂಟಲು.

ಬಾದುವಾ ಸಾಲು ಸಾಲಾಗಿ ಫಾಂಟೆ ಭಾಷೆಗೆ ತಿರುಗಿಸಿ ಓದಿದಳು. ಮೊದಮೊದಲು ಹೆಂಗಸರು ನಡುನಡುವೆ ಬಾಯಿ ಹಾಕಿದರು. ಬೀಗದ ಕೈಯ ಚಿತ್ರ ಬಂದಾಗ ಎಲ್ಲರೂ ಸುಮ್ಮನಾದರು. ಆ ದೋಣಿಯನ್ನು ಹಳಬರೆಲ್ಲ ಕಂಡಿದ್ದರು. ಅವಳು ನಿಲ್ಲಿಸದೆ ಮುಂದಕ್ಕೆ ಓದಿ, ಮಾವನ ಹೆಸರನ್ನು ತಾನೇ ಬಾಯಿಬಿಟ್ಟು ಹೇಳಿದಳು.

“ಹಾಗಾದ್ರೆ ನಾನು ತಿಂದಿದ್ದು ಎಜಿರ್‌ನ ಕುರಿ,” ಎಂದಳು ಎಸಿ ಟಾವಿಯಾ ಮೆಲ್ಲಗೆ. “ಅವನ ಕುರಿ ತಿಂದು ಅವಳ ಮೇಲೆ ಹಾಡು ಹೇಳಿದೆ.”

ಯಾಬಾ ಎದ್ದು ನಿಂತಳು. “ಓದಿದ್ದೆಲ್ಲ ನಿಜ ಅಂತ ಹೇಗೆ ನಂಬೋದು?”

“ನಂಬಬೇಡ,” ಎಂದಳು ಬಾದುವಾ. “ನಾನೂ ಪೂರ್ತಿ ನಂಬಿಲ್ಲ. ಆದರೆ ಕುರಿ ತಿಂದವರು ಇಲ್ಲಿ ಕೂತಿದ್ದಾರೆ. ಅಮ್ಮ ಮೀನು ಮಾರಿದ್ದು ನೋಡಿದವರು ಯಾರಾದ್ರೂ ಇದ್ರೆ ಎದ್ದು ನಿಲ್ಲಿ.”

ಯಾರೂ ಏಳಲಿಲ್ಲ.

“ಸರಿ, ಅರಾಬಾ ಒಳ್ಳೆಯವಳು,” ಎಂದಳು ಯಾಬಾ. “ಒಪ್ಪಿದೆ. ಆದರೆ ಒಡಹುಟ್ಟಿದವನನ್ನೇ ಹಿಡಿದುಕೊಟ್ಟವಳ ಮೊಮ್ಮಗಳನ್ನ ರಾಣಿ ಮಾಡಿದ್ರೆ ನಾಳೆ ನನ್ನ ಗತಿ ಏನು? ನನ್ನ ಬುಟ್ಟಿ ಅಡಿಯಲ್ಲಿ ನಿನ್ನೆ ಮೀನು ಸಿಕ್ಕಿದ್ರೆ?”

“ನಿನ್ನೆ ಮೀನು ಇಡಬೇಡ, ಅಕ್ಕಾ,” ಎಂದಳು ಕೂಕುವಾ.

ಎಲ್ಲರೂ ನಕ್ಕರು. ಆದರೆ ಆ ನಗೆಯೊಳಗೇ ತೀರ್ಮಾನ ಆಗಿಹೋಗಿದ್ದು ಬಾದುವಾಳಿಗೆ ಕಾಣಿಸಿತು. ಒಬ್ಬೊಬ್ಬಳೂ ತನ್ನ ಬುಟ್ಟಿಯ ಅಡಿಯನ್ನು ನೆನೆದುಕೊಂಡಿದ್ದಳು. ತಿಂಗಳೊಳಗೆ ಯಾಬಾಳನ್ನೇ ಆರಿಸಿದರು.

ಅದರ ನಡುವೆ ಬಾದುವಾ ಆರ್ಕೋಫುಲ್ಲರ ಮನೆಗೆ ಇನ್ನೊಮ್ಮೆ ಹೋಗಿಬಂದಳು. ಅವರು ನಕಲನ್ನು ಓದಿ, ತಮ್ಮ ಪ್ರತಿಯಲ್ಲಿದ್ದ ಆ ಸಾಲುಗಳನ್ನು ಹೊಡೆದುಹಾಕಲು ಪೆನ್ಸಿಲ್ ಎತ್ತಿಕೊಂಡರು.

“ಪೆನ್ಸಿಲ್ ಬೇಡ ಎಗ್ಯಾ,” ಎಂದು ಅವಳು ತನ್ನ ಶಾಯಿ ಪೆನ್ನು ಕೊಟ್ಟಳು.

ಯಾಬಾ ಪೀಠಕ್ಕೆ ಏರುವ ದಿನ ಬಾದುವಾ ಹೋಗುವುದಿಲ್ಲ ಎಂದಿದ್ದಳು. ಕೂಕುವಾ ಹೊರಟದ್ದು ನೋಡಿ ತಾನೂ ಹೊರಟಳು. ಹಿಂದೆ, ದೋಣಿ ಎಳೆಯುವ ಉರುಳುಗಂಬಗಳ ಹತ್ತಿರ ನಿಂತಳು. ಹಿರಿಯರೊಬ್ಬರು ತೀರಿಹೋದವರಿಗೆಂದು ನೆಲಕ್ಕೆ ಮದ್ಯ ಸುರಿಯುತ್ತಿದ್ದರು. ಹೊಸ ರಾಣಿ ಆ ದಂಡೆಯಲ್ಲಿ ಮೀನು ಹೊಗೆಗಿಟ್ಟು ಹೋದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಕರೆಯಬೇಕಿತ್ತು. ಬಂದು ಕುಡಿಯಿರಿ, ನಮ್ಮ ಬೆನ್ನಿಗೆ ನಿಲ್ಲಿ ಎಂದು. ಊರು ಬಿಟ್ಟವರ ಹೆಸರು ಆ ಸಾಲಿನಲ್ಲಿ ಬರುವುದಿಲ್ಲ.

ಯಾಬಾ ಹಳಬರನ್ನು ಕರೆದಳು, ಇತ್ತೀಚಿನವರನ್ನು ಕರೆದಳು. ನಿಲ್ಲಿಸಿದಳು. ಆಮೇಲೆ ಆ ದೊಡ್ಡ ಗಂಟಲಿನಲ್ಲಿ ಕೂಗಿದಳು: “ಅರಾಬಾ ಎದುವಾ, ನೀನೂ ಬಾ. ಕುಡಿ.”

ಮದ್ಯ ಮರಳಿಗೆ ಬಿತ್ತು. ಹೆಂಗಸರು ಎಲ್ಲ ಹೆಸರಿಗೂ ಹೇಳಿದಂತೆ ಇದಕ್ಕೂ ಹೂಂಗುಟ್ಟಿದರು. ಕೂಕುವಾ ತಿರುಗಿ ಚಿಕ್ಕಮ್ಮನ ಕಡೆ ನೋಡಿದಳು.

ಮನೆಗೆ ಬರುವ ದಾರಿಯಲ್ಲಿ ಬಾದುವಾ ಚಪ್ಪಲಿ ಕೈಲಿ ಹಿಡಿದು ನಡೆಯುತ್ತ, “ಇದರಲ್ಲಿ ಆ ಯಾಬಾಗೆ ಏನು ಲಾಭ? ಹೇಳು, ಏನೋ ಇರಲೇಬೇಕು” ಎಂದು ಕೇಳುತ್ತಲೇ ಇದ್ದಳು. ತಿರುವಿನಲ್ಲಿ ಬಾದುವಾ ಕೇಳುವುದನ್ನು ನಿಲ್ಲಿಸಿ, ಒಂದು ಮಗುಚಿದ ದೋಣಿಯ ಮೇಲೆ ಕೂತು, ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಆಮೇಲೆ ಎದ್ದು ಮೂಗು ಒರೆಸಿಕೊಂಡು, ಮೂರೆಗೆ ಹೋಗಿ ಅಕ್ಕಂದಿರಿಗೆ ತಾನೇ ಹೇಳಿಬರಬೇಕು, ಬೇರೆಯವರ ಬಾಯಲ್ಲಿ ಹೋದರೆ ಕೆಡುತ್ತದೆ ಎಂದು ವ್ಯಾನು ಹಿಡಿಯಲು ಹೊರಟಳು.